ಎಲೆಗೆ ನಂಜು ತಗಲಿದೆಯೇ? ಕಾಸರಗೋಡಿನ ತೋಟ, ಗದ್ದೆ, ಹಿತ್ತಿಲುಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಸುಗ್ಗಿ ಕೊಯಿಲು ಮುಗಿದ ಗದ್ದೆಗಳಲ್ಲಿ ಅಲಸಂಡೆ, ಬೆಂಡೆ, ಸೌತೆ ಏಳುವ ಹೊತ್ತಿಗೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಒಂದೇ ಮಾತು ಕೇಳಿಸುತ್ತದೆ: ಎಲೆ ಹಳದಿಯಾಗುತ್ತಿದೆ, ಏನು ಬಿಡಬೇಕು? ಗೊಬ್ಬರದಂಗಡಿಯವರು ಮೊಬೈಲಿನಲ್ಲಿ ಫೋಟೋ ನೋಡಿ ಒಂದು ಬಾಟಲಿ ಕೊಡುತ್ತಾರೆ. ಕಾರಣ ಶಿಲೀಂಧ್ರವೋ ಕೀಟವೋ ಆಗಿದ್ದರೆ ಆ ಬಾಟಲಿಗೆ ಅರ್ಥವಿರಬಹುದು. ವೈರಸ್, ಅಂದರೆ ನಂಜು, ಆಗಿದ್ದರೆ ಇಲ್ಲ. ಸೋಂಕು ತಗಲಿದ ಗಿಡದೊಳಗಿನ ವೈರಸ್ಸನ್ನು ಕೊಲ್ಲುವ ಸಿಂಪಡಣೆ ರೈತನ ಕೈಗೆ ಇನ್ನೂ ಬಂದಿಲ್ಲ. ಹಾಗಾಗಿ ಹಣ ಬಿಚ್ಚುವ ಮೊದಲು ದೋಷ ಯಾವುದೆಂದು ಗುರುತಿಸುವುದೇ ಇಲ್ಲಿ ಮುಕ್ಕಾಲು ಪಾಲು ಕೆಲಸ.

ಗಿಡ ಸುಮ್ಮನೆ ಕೂತು ಸೋಲುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಲಕ್ಷಣಗಳೆಲ್ಲ ಅದರಿಂದಲೇ ಅರ್ಥವಾಗುತ್ತವೆ. ಗಿಡಕ್ಕೆ ರಕ್ತವಿಲ್ಲ, ಪ್ರತಿಕಾಯಗಳಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ನೋಡಿಕೊಳ್ಳಬೇಕು. ವೈರಸ್ ಕೋಶದೊಳಗೆ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಎರಡೆಳೆಯ ಆರ್‌ಎನ್‌ಎ (ಜೀವಮಾಹಿತಿ ಹೊತ್ತ ಎಳೆಯಂಥ ಅಣು) ಹುಟ್ಟುತ್ತದೆ. ಆರೋಗ್ಯವಂತ ಕೋಶದಲ್ಲಿ ಅಂಥ ಉದ್ದನೆಯ ಎರಡೆಳೆ ಅಪರೂಪ, ಆದ್ದರಿಂದ ಗಿಡ ಅದನ್ನು ಕಂಡೊಡನೆ ಎಚ್ಚರಗೊಳ್ಳುತ್ತದೆ. ಡೈಸರ್ ಎಂಬ ಗುಂಪಿನ ಕಿಣ್ವಗಳು ಅದನ್ನು 21, 22 ಅಥವಾ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತವೆ. ಆರ್ಗೋನಾಟ್ ಎಂಬ ಪ್ರೋಟೀನು ಒಂದು ಚೂರನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ವೈರಸ್ಸಿನ ಆರ್‌ಎನ್‌ಎ ಎಲ್ಲಿ ಸಿಕ್ಕಿದರೂ ತುಂಡರಿಸುತ್ತದೆ. ಈ ಚೂರುಗಳು ಪಕ್ಕದ ಕೋಶಗಳಿಗೂ, ಆಹಾರ ಸಾಗುವ ನಾಳಗಳ ಮೂಲಕ ಮೇಲಿನ ಚಿಗುರಿಗೂ ಹೋಗುತ್ತವೆ. ವೈರಸ್ ತಲಪುವ ಮೊದಲೇ ಅದರ ಗುರುತು ಅಲ್ಲಿ ತಲಪಿರಬಹುದು. ವಿಜ್ಞಾನಿಗಳು ಇದನ್ನು ಆರ್‌ಎನ್‌ಎ ಮೌನೀಕರಣ ಎನ್ನುತ್ತಾರೆ.

ವೈರಸ್ಸುಗಳೂ ಇದಕ್ಕೆ ಉತ್ತರ ಕಂಡುಕೊಂಡಿವೆ. ನಾವು ತೋಟದಲ್ಲಿ ಕಾಣುವ ಸಸ್ಯ ವೈರಸ್ಸುಗಳಲ್ಲಿ ಹೆಚ್ಚಿನವು ಈ ಮೌನೀಕರಣವನ್ನು ಅಡ್ಡಿಪಡಿಸುವ ಒಂದಾದರೂ ಪ್ರೋಟೀನನ್ನು ತಯಾರಿಸುತ್ತವೆ. ಕೆಲವು ಆ ಚೂರುಗಳನ್ನೇ ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ಆರ್ಗೋನಾಟಿನ ಕೈ ಕಟ್ಟುತ್ತವೆ. ಎಲೆಯ ಮೇಲೆ ಕಾಣುವ ಬಣ್ಣ, ಸುರುಳಿ, ಗೆರೆಗಳು ಈ ಜಗ್ಗಾಟದ ಗುರುತುಗಳು.

ಯಾವ ಲಕ್ಷಣವೇ ಇರಲಿ, ಮೊದಲು ಖರ್ಚಿಲ್ಲದ ಪರೀಕ್ಷೆಗಳು

ಹಳೆಯ ಎಲೆ ಕೆಟ್ಟಿದೆಯೇ, ಹೊಸ ಎಲೆಯೇ ನೋಡಿ. ಬುಡದ ಹಳೆಯ ಎಲೆಗಳಲ್ಲಿ ನರಗಳ ನಡುವೆ ಮಾತ್ರ ಹಳದಿ ಬಂದು ನರ ಹಸಿರಾಗಿಯೇ ಉಳಿದಿದ್ದರೆ ಮೆಗ್ನೀಷಿಯಂ ಕೊರತೆಯನ್ನು ಶಂಕಿಸಿ. ಆಟಿಯ ಮಳೆಗೆ ತೊಳೆದುಹೋಗುವ ನಮ್ಮ ಮುರಕಲ್ಲು ಮಣ್ಣಿನಲ್ಲಿ ಅದು ಬಹಳ ಸಾಮಾನ್ಯ. ವೈರಸ್ಸಿನ ಲಕ್ಷಣ ಸಾಮಾನ್ಯವಾಗಿ ಹೊಸ ಚಿಗುರಿನಲ್ಲಿ ಮೊದಲು ಕಾಣುತ್ತದೆ.

ಎಲೆಯನ್ನು ಬೆಳಕಿಗೆ ಹಿಡಿಯಿರಿ. ನಡುನರದ ಎರಡೂ ಬದಿಯಲ್ಲಿ ಬಣ್ಣ ಒಂದೇ ಬಗೆಯಾಗಿ ಹಂಚಿಕೊಂಡಿದ್ದರೆ ಪೋಷಕಾಂಶದ ತೊಂದರೆಯ ಸಾಧ್ಯತೆ ಹೆಚ್ಚು. ಒಂದು ಬದಿಯಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ, ಗೊತ್ತುಗುರಿಯಿಲ್ಲದ ತೇಪೆಗಳಿದ್ದರೆ ವೈರಸ್ಸಿನ ಕಡೆ ಸಂಶಯ ಹರಿಸಿ.

ಇಡೀ ಸಾಲನ್ನು ನೋಡಿ. ಎಲ್ಲ ಗಿಡಗಳೂ ಒಟ್ಟಿಗೆ ಒಂದೇ ರೀತಿ ಕೆಟ್ಟಿದ್ದರೆ ಮಣ್ಣು, ನೀರು ಅಥವಾ ನೀವೇ ಬಿಟ್ಟ ಔಷಧಿಯನ್ನು ವಿಚಾರಿಸಬೇಕು. ಆರೋಗ್ಯವಾದ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಟ್ಟು, ವಾರ ಕಳೆದಂತೆ ಅದರ ಸುತ್ತ ಹರಡಿದರೆ ಕೀಟ ಹೊತ್ತು ತಂದ ವೈರಸ್ ಇರಬಹುದು.

ಬಿಳಿ ಕಾಗದದ ಮೇಲೆ ಚಿಗುರನ್ನು ತಟ್ಟಿ. ಓಡಾಡುವ ಸಣ್ಣ ಉದ್ದನೆಯ ಜೀವಿಗಳು ಥ್ರಿಪ್ಸ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಹಳದಿ ನುಸಿಯೂ ಕಾಣುತ್ತದೆ. ಎಲೆಯ ಬೆನ್ನನ್ನು ಮುಟ್ಟಿದಾಗ ಬಿಳಿ ಪುಡಿಯಂತೆ ಹಾರಿದರೆ ಬಿಳಿನೊಣ.

ಕೊನೆಯದಾಗಿ, ಶಂಕೆ ಬಂದ ಗಿಡಕ್ಕೆ ಒಂದು ಬಣ್ಣದ ದಾರ ಕಟ್ಟಿ, ದಿನಾಂಕ ಬರೆದಿಡಿ. ಹತ್ತು ದಿನ ಬಿಟ್ಟು ಅದೇ ಗಿಡ ನೋಡಿದರೆ ತಿಳಿಯುವಷ್ಟು ಒಂದು ದಿನದ ಫೋಟೋದಿಂದ ತಿಳಿಯುವುದಿಲ್ಲ. ಪೋಷಕಾಂಶದ ಅನುಮಾನವಿದ್ದರೆ ಆ ಒಂದೆರಡು ಗಿಡಗಳಿಗೆ ಮಾತ್ರ ಲೀಟರ್ ನೀರಿಗೆ 5 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಿಂಪಡಿಸಿ, ಪಕ್ಕದ ಎರಡನ್ನು ಹಾಗೇ ಬಿಡಿ. ಸಿಂಪಡಿಸಿದ ಗಿಡ ಮಾತ್ರ ಚೇತರಿಸಿಕೊಂಡರೆ ಅಲ್ಲಿಗೆ ಉತ್ತರ ಸಿಕ್ಕಿತು.

ಎಲೆಯಲ್ಲಿ ತಿಳಿಹಸಿರು, ಕಡುಹಸಿರಿನ ಚಿತ್ತಾರ

ಅಲಸಂಡೆ, ಸೌತೆ, ಹೊಗೆಸೊಪ್ಪುಗಳಲ್ಲಿ ಕಾಣುವ ಮೊಸಾಯಿಕ್ ರೋಗದ ಲಕ್ಷಣ ಇದು. ಸಸ್ಯ ವೈರಸ್ಸಿನ ಕಥೆ ಆರಂಭವಾಗುವುದೂ ಇಲ್ಲಿಂದಲೇ. 1886ರಲ್ಲಿ ಅಡಾಲ್ಫ್ ಮೇಯರ್ ಹೊಗೆಸೊಪ್ಪಿನ ರೋಗಿ ಗಿಡದ ರಸವನ್ನು ಆರೋಗ್ಯವಾದ ಗಿಡಕ್ಕೆ ಹಾಕಿ ರೋಗ ಬರಿಸಿ ತೋರಿಸಿದರು. 1892ರಲ್ಲಿ ಇವಾನೊವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸುಗದಲ್ಲಿ ಸೋಸಿದರೂ ರೋಗ ಬರುವುದನ್ನು ಕಂಡರು. 1898ರಲ್ಲಿ ಬೆಯರಿಂಕ್ ಇದು ಬೇರೆಯೇ ಬಗೆಯ ರೋಗಕಾರಕ ಎಂದು ವಾದಿಸಿದರು. ಕೇರಳದಲ್ಲಿ ಹೊಗೆಸೊಪ್ಪು ಬೆಳೆಯುವ ಪ್ರದೇಶವೆಂದು ಹೆಸರಾಗಿದ್ದ ಪಳ್ಳಿಕ್ಕರೆ, ಅಜಾನೂರಿನ ಮರಳು ಗದ್ದೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಆದ್ದರಿಂದ ಇದನ್ನು ದೂರದ ಪ್ರಯೋಗಾಲಯದ ಸುದ್ದಿಯೆಂದು ತಳ್ಳಿಹಾಕಬೇಕಾಗಿಲ್ಲ.

ಚಿತ್ತಾರದಲ್ಲಿ ರೋಗವಿರುವುದು ಎಲ್ಲಿ? ಹೆಚ್ಚಿನವರು ಕಡುಹಸಿರಿನ ಉಬ್ಬಿದ ಭಾಗವನ್ನು ತೋರಿಸಿ ಗಂಟು ಕಟ್ಟಿದೆ ಎನ್ನುತ್ತಾರೆ. ವಾಸ್ತವ ತಿರುಗಾಮುರುಗ. ಕಡುಹಸಿರಿನ ದ್ವೀಪಗಳಲ್ಲಿ ವೈರಸ್ ಇಲ್ಲ ಅಥವಾ ತೀರಾ ಕಡಿಮೆ. ಅಲ್ಲಿ ಮೌನೀಕರಣ ಗೆದ್ದಿದೆ, ಅದೇ ವೈರಸ್ಸನ್ನು ಮತ್ತೆ ಹಚ್ಚಿದರೂ ಆ ಭಾಗ ಸುಲಭಕ್ಕೆ ಬಗ್ಗುವುದಿಲ್ಲ. ಪೇಲವವಾದ ಭಾಗದಲ್ಲಿ ಗಿಡ ಸೋತಿದೆ. ಎಲೆ ಇನ್ನೂ ಚಿಗುರಾಗಿದ್ದಾಗ ನಡೆದ ಜಗ್ಗಾಟದ ಗಡಿರೇಖೆ, ಎಲೆ ಬೆಳೆದಂತೆ ದೊಡ್ಡದಾಗಿ ನಮ್ಮ ಕಣ್ಣಿಗೆ ಬೀಳುತ್ತದೆ.

ಕಾರಣ ಹುಡುಕುವ ಕ್ರಮ ಹೀಗಿರಲಿ. ಮೊದಲ ನಿಜವಾದ ಎಲೆಗಳಲ್ಲೇ ಚಿತ್ತಾರ ಬಂದಿದ್ದರೆ ಬೀಜದಲ್ಲೇ ವೈರಸ್ ಇತ್ತೆಂದು ತಿಳಿಯಬಹುದು. ಅಲಸಂಡೆಯ ಮೊಸಾಯಿಕ್ ವೈರಸ್ಸುಗಳಲ್ಲಿ ಕೆಲವು ಬೀಜದ ಮೂಲಕ ಬರುತ್ತವೆ. ಮನೆಯ ಬೀಜವನ್ನೇ ವರ್ಷ ವರ್ಷ ಬಿತ್ತುವವರು, ಬೀಜಕ್ಕೆ ಬಿಡುವ ಗಿಡವನ್ನು ಕಾಯಿ ಆಗುವ ಮೊದಲೇ ಆರಿಸಿಕೊಳ್ಳಬೇಕು. ಒಣಗಿದ ಮೇಲೆ ಒಳ್ಳೆಯ ಕೋಡು, ಕೆಟ್ಟ ಕೋಡು ಎಂದು ಆರಿಸಿ ಪ್ರಯೋಜನವಿಲ್ಲ. ಗಿಡ ನೆಟ್ಟಗೆ ಬೆಳೆದು, ನಡುವೆ ಚಿತ್ತಾರ ಬಂದರೆ ಗಿಡದ ರಸ ಹೀರುವ ಕರಿ ಹೇನಿನ ಮೇಲೆ ಸಂಶಯ. ಇರುವೆಗಳ ಸಾಲು ಬಳ್ಳಿ ಹತ್ತುತ್ತಿದ್ದರೆ ಹೇನು ಇರುವುದು ಹೆಚ್ಚು ಕಡಿಮೆ ಖಚಿತ.

ಹೇನು ಕೊಂದರೆ ರೋಗ ನಿಲ್ಲುತ್ತದೆಯೇ? ಇಲ್ಲಿ ನಿರಾಸೆಯ ಉತ್ತರ ಕೊಡಲೇಬೇಕು. ಮೊಸಾಯಿಕ್ ವೈರಸ್ಸುಗಳಲ್ಲಿ ಹೆಚ್ಚಿನವು ಹೇನಿನ ಸೂಜಿಬಾಯಿಯ ತುದಿಯಲ್ಲಿ ಅಂಟಿಕೊಂಡು ಹೋಗುತ್ತವೆ. ರುಚಿ ನೋಡಲು ಒಂದು ಚುಚ್ಚು ಸಾಕು, ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ಕೀಟನಾಶಕ ಹೇನನ್ನು ಕೊಲ್ಲುವ ಹೊತ್ತಿಗೆ ವೈರಸ್ ದಾಟಿಯಾಗಿರುತ್ತದೆ. ಅದಕ್ಕಿಂತ ಚಾಣಾಕ್ಷತನ ಸೌತೆ ಮೊಸಾಯಿಕ್ ವೈರಸ್ಸಿನದ್ದು. ಇದು ಸಾವಿರಕ್ಕೂ ಮಿಕ್ಕಿ ಸಸ್ಯಜಾತಿಗಳಿಗೆ ಹತ್ತುವ ವೈರಸ್. ಕುಂಬಳದ ಜಾತಿಯ ಗಿಡಗಳಲ್ಲಿ ನಡೆದ ಪ್ರಯೋಗದಲ್ಲಿ, ಸೋಂಕು ತಗಲಿದ ಗಿಡ ಹೇನುಗಳನ್ನು ಸೆಳೆಯುವ ವಾಸನೆಯನ್ನು ಹೆಚ್ಚು ಬಿಟ್ಟಿತು, ಆದರೆ ರುಚಿ ಕೆಟ್ಟಿತ್ತು. ಬಂದ ಹೇನು ಒಮ್ಮೆ ಚುಚ್ಚಿ, ಇಷ್ಟವಾಗದೆ ಪಕ್ಕದ ಗಿಡಕ್ಕೆ ಹಾರಿತು. ವೈರಸ್ಸಿಗೆ ಬೇಕಾದದ್ದೂ ಅದೇ ತಾನೆ.

ಆದ್ದರಿಂದ ಚಿತ್ತಾರ ಬಂದ ಗಿಡಗಳು ಬೆರಳೆಣಿಕೆಯಷ್ಟಿದ್ದಾಗಲೇ ಕಿತ್ತು ತೆಗೆಯಿರಿ. ಗದ್ದೆಯ ಅರ್ಧಕ್ಕೆ ಹರಡಿದ ಮೇಲೆ ಕೀಳುವ ಶ್ರಮ ವ್ಯರ್ಥ. ಇರುವ ಕಾಯಿ ಕೊಯ್ದು ತಿನ್ನಿ, ಸಸ್ಯ ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಬೀಜಕ್ಕೆ ಮಾತ್ರ ಇಡಬೇಡಿ. ಟೊಮೆಟೊ, ಮೆಣಸು, ಬದನೆಯ ಸಸಿ ಮುಟ್ಟುವ ಮೊದಲು ಎಲೆಯಡಿಕೆ, ಹೊಗೆಸೊಪ್ಪು ಹಾಕಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಬಹುಕಾಲ ಉಳಿಯುತ್ತದೆ, ಕೈಯಿಂದ, ಕತ್ತಿಯಿಂದ ದಾಟುತ್ತದೆ.

ಮೆಣಸಿನ ಎಲೆ ಮುದುಡಿದೆ

ಮುಟುರು ರೋಗವೆಂದು ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ಕಾರಣಗಳು ಮಾತ್ರ ಮೂರು. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಆಕಾರ ತಾಳಿ, ಬೆನ್ನಿನಲ್ಲಿ ಬೆಳ್ಳಿಬಣ್ಣದ ಗೀರುಗಳಿದ್ದರೆ ಥ್ರಿಪ್ಸ್. ಅಂಚು ಕೆಳಕ್ಕೆ ಮಡಚಿ, ಎಲೆಯ ತೊಟ್ಟು ಉದ್ದವಾಗಿ, ಚಿಗುರು ಗಡುಸಾಗಿದ್ದರೆ ಹಳದಿ ನುಸಿ. ಎಲೆ ಮೇಲಕ್ಕೆ ಮುದುಡಿ, ನರಗಳು ದಪ್ಪವಾಗಿ, ಗೆಣ್ಣುಗಳು ಹತ್ತಿರವಾಗಿ, ಗಿಡ ಪೊದೆಯಂತಾಗಿ, ಹೂವು ಉದುರುತ್ತಿದ್ದರೆ ಬಿಳಿನೊಣ ತಂದ ಎಲೆ ಮುದುಡು ವೈರಸ್.

ಮೊದಲಿನ ಎರಡಕ್ಕೆ ಪರಿಹಾರವಿದೆ. ಥ್ರಿಪ್ಸಿಗೂ ಬಿಳಿನೊಣಕ್ಕೂ ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, ಐದಾರು ಗ್ರಾಂ ಸೋಪು ಕದಡಿ, ಸಂಜೆಯ ಹೊತ್ತು ಎಲೆಯ ಬೆನ್ನಿಗೆ ತಗಲುವಂತೆ ಸಿಂಪಡಿಸಿದರೆ ಹಿತ್ತಿಲ ಮಟ್ಟಕ್ಕೆ ಸಾಕು. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಕೆಲಸ ಮಾಡುತ್ತದೆ, ಆದರೆ ಬಿರುಬಿಸಿಲಿನಲ್ಲಿ ಅದನ್ನು ಬಿಟ್ಟರೆ ಎಲೆ ಸುಡುತ್ತದೆ, ಎಣ್ಣೆಯ ಸಿಂಪಡಣೆಯ ಹಿಂದುಮುಂದೆ ಬಿಟ್ಟರೆ ಇನ್ನೂ ಕೆಟ್ಟದು. ಎರಡರ ನಡುವೆ ಎರಡು ವಾರವಾದರೂ ಇರಲಿ. ಹೊಸ ಚಿಗುರು ಸರಿಯಾಗಿ ಬಂದರೆ ಕಾರಣ ಕೀಟವೇ ಆಗಿತ್ತು. ಎರಡು ಬಾರಿ ಸಿಂಪಡಿಸಿ, ಬಿಳಿ ಕಾಗದದಲ್ಲಿ ಒಂದು ಜೀವಿಯೂ ಕಾಣದೆ, ಚಿಗುರು ಮಾತ್ರ ಮುದುಡಿಯೇ ಬರುತ್ತಿದ್ದರೆ ವೈರಸ್ ಎಂದು ಒಪ್ಪಿಕೊಂಡು ಗಿಡ ಕೀಳಿರಿ.

ಈ ವೈರಸ್ಸಿನ ಜೊತೆಗೆ ಹಲವು ಬಾರಿ, ಅದರ ಆಸರೆಯಲ್ಲೇ ಬದುಕುವ ಒಂದು ಉಪಗ್ರಹ ಡಿಎನ್‌ಎ ಇರುತ್ತದೆ. ಬೀಟಾ ಉಪಗ್ರಹವೆಂದು ಅದರ ಹೆಸರು. ಅದರಲ್ಲಿರುವುದು ಮುಖ್ಯವಾಗಿ ಒಂದೇ ಪ್ರೋಟೀನಿನ ಮಾಹಿತಿ, ಆದರೆ ಆ ಒಂದು ಪ್ರೋಟೀನು ಮಾಡುವ ಕೆಲಸ ಬಹಳ. ವೈರಸ್ಸಿನ ಡಿಎನ್‌ಎಗೆ ಗಿಡವು ರಾಸಾಯನಿಕ ಗುರುತು ಹಚ್ಚಿ ಅದರ ಬಾಯಿ ಮುಚ್ಚಿಸಲು ನೋಡಿದರೆ ಈ ಪ್ರೋಟೀನು ಅದನ್ನು ತಡೆಯುತ್ತದೆ. ಇದೇ ಕುಟುಂಬದ ವೈರಸ್ಸುಗಳ ಅಧ್ಯಯನದಲ್ಲಿ, ಕೀಟಗಳ ವಿರುದ್ಧ ಗಿಡ ಬಳಸುವ ಜಾಸ್ಮೋನಿಕ್ ಆಮ್ಲದ ಎಚ್ಚರಿಕೆಯನ್ನೂ ಇದು ಕುಗ್ಗಿಸುವುದು ಕಂಡುಬಂದಿದೆ. ರೋಗಿ ಗಿಡದ ಮೇಲೆ ಬಿಳಿನೊಣ ಸುಖವಾಗಿ ಮೊಟ್ಟೆಯಿಡುತ್ತದೆ. ಮುದುಡಿದ ಗಿಡವನ್ನು ಪಾಪವೆಂದು ಉಳಿಸಿಕೊಳ್ಳುವವರು ತಿಳಿಯದೆ ಬಿಳಿನೊಣದ ಹೆರಿಗೆಮನೆ ನಡೆಸುತ್ತಿರುತ್ತಾರೆ.

ಸಮಾಧಾನದ ಒಂದಂಶವಿದೆ. ಈ ವೈರಸ್ ಹೇನಿನ ಚುಚ್ಚಿನ ಹಾಗೆ ಕ್ಷಣದಲ್ಲಿ ದಾಟುವುದಿಲ್ಲ. ಬಿಳಿನೊಣ ನಿಮಿಷಗಟ್ಟಲೆ ರಸ ಹೀರಬೇಕು, ವೈರಸ್ ಅದರ ಮೈಯೊಳಗೆ ಸುತ್ತಿ ಜೊಲ್ಲಿಗೆ ಬರಲು ಗಂಟೆಗಳು ಹಿಡಿಯುತ್ತವೆ. ಆದ್ದರಿಂದ ಇಲ್ಲಿ ಕೀಟವನ್ನು ತಡೆದರೆ ಫಲವಿದೆ. ಸಸಿಮಡಿಗೆ ಸಣ್ಣ ಕಣ್ಣಿನ ಪರದೆ ಕಟ್ಟುವುದು, ಹಳದಿ ಅಂಟುಹಲಗೆ ನೇತುಹಾಕುವುದು ಎರಡೂ ಬಾಟಲಿಗಿಂತ ಅಗ್ಗ. ಚಿಕ್ಕ ಸಸಿಗೆ ತಗಲಿದರೆ ಬೆಳೆ ಹೋಯಿತು, ಕಾಯಿ ಬಿಟ್ಟ ಮೇಲೆ ತಗಲಿದರೆ ನಷ್ಟ ಕಡಿಮೆ. ಹಾಗಾಗಿ ಮೊದಲ ಆರು ವಾರ ಕಾಯ್ದರೆ ದೊಡ್ಡ ಕೆಲಸವಾದಂತೆ.

ಬೆಂಡೆಯ ನರಗಳು ಹಳದಿ, ಕಾಯಿ ಬಿಳಿಚಿದೆ

ಇದರಲ್ಲಿ ಗೊಂದಲವಿಲ್ಲ. ನರಗಳ ಜಾಲವೇ ಹಳದಿಯಾಗಿ, ನಡುವೆ ಹಸಿರು ಉಳಿದು, ಕಾಯಿ ನಾರಾಗಿ ಬಿಳಿಚಿದ್ದರೆ ಹಳದಿ ನರ ನಂಜು ರೋಗ. ಇದನ್ನೂ ಹರಡುವುದು ಬಿಳಿನೊಣ. ಫೆಬ್ರವರಿಯ ನಂತರ ಬಿತ್ತಿದ ಬೆಂಡೆಗೆ ಹೆಚ್ಚು ತಗಲುತ್ತದೆ.

ರೋಗ ನಿರೋಧಕ ಎಂದು ಪೊಟ್ಟಣದ ಮೇಲೆ ಬರೆದಿತ್ತಲ್ಲ ಎಂದು ಕೇಳುವವರು ಬಹಳ. ಅವರ ಅಸಮಾಧಾನ ನ್ಯಾಯವಾದದ್ದೇ. ಪೂಸಾ ಸಾವನಿ ತಳಿ ಬಂದಾಗ ಈ ರೋಗವನ್ನು ತಡೆಯುತ್ತಿತ್ತು, ಕೆಲವು ದಶಕಗಳಲ್ಲಿ ಅದು ಸುಲಭದ ತುತ್ತಾಯಿತು. ಕಾಡುಬೆಂಡೆಯ ಗುಣ ಸೇರಿಸಿ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅನಾಮಿಕ, ಅರ್ಕಾ ಅಭಯ ತಳಿಗಳನ್ನು ತಂದಿತು, ಅವೂ ಈಗ ಹಲವೆಡೆ ಸೋಲುತ್ತಿವೆ. ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ, ಎರಡು ವೈರಸ್ಸುಗಳು ಒಂದೇ ಕೋಶದಲ್ಲಿ ಸಿಕ್ಕರೆ ಡಿಎನ್‌ಎಯ ತುಂಡುಗಳು ಅದಲುಬದಲಾಗುತ್ತವೆ. ಅಂಥ ಲಕ್ಷಾಂತರ ಪ್ರತಿಗಳಲ್ಲಿ ಕಾವಲು ದಾಟಬಲ್ಲದ್ದು ಒಂದು ಹುಟ್ಟಿದರೆ ಸಾಕು. ಆದ್ದರಿಂದ ತಳಿಯ ಹೆಸರನ್ನು ನಂಬುವ ಬದಲು, ನಿಮ್ಮ ನೆರೆಕರೆಯಲ್ಲಿ ಈ ವರ್ಷ ಯಾವುದು ನಿಂತಿತು ಎಂದು ವಿಚಾರಿಸಿ ಬೀಜ ತನ್ನಿ.

ಬಾಳೆಯ ಎಲೆಗಳು ಸಣ್ಣದಾಗಿ ತುದಿಯಲ್ಲಿ ಗುಂಪುಗೂಡಿವೆ

ಅಡಿಕೆ ತೋಟದ ನಡುವೆ ಬಾಳೆ ಇರುವ ನಮ್ಮಲ್ಲಿ ಅತಿ ಹೆಚ್ಚು ಕಾಳಜಿ ಬೇಡುವ ದೋಷವಿದು. ತುದಿ ಗೊಂಚಲು ರೋಗವೆಂದು ಕನ್ನಡದಲ್ಲಿ ಹೇಳುತ್ತೇವೆ, ಪಂಚಾಯತಿನ ಕೃಷಿ ಭವನದಲ್ಲಿ ಮಲಯಾಳದ ಕುರುನಾಂಬು ಎಂದರೆ ಬೇಗ ಅರ್ಥವಾಗುತ್ತದೆ. 1940ರ ಸುಮಾರಿಗೆ ಶ್ರೀಲಂಕಾದಿಂದ ಕೇರಳಕ್ಕೆ ಬಂದದ್ದೆಂದು ಹೇಳಲಾಗುತ್ತದೆ.

ಗೊಂಚಲಾಗುವವರೆಗೆ ಕಾಯಬೇಡಿ. ಅದಕ್ಕೂ ಮೊದಲು ಎಲೆಯ ಬೆನ್ನಿನಲ್ಲಿ, ಸಣ್ಣ ನರಗಳ ಉದ್ದಕ್ಕೂ ಕಡುಹಸಿರಿನ ಚುಕ್ಕೆ ಮತ್ತು ಗೀರುಗಳು ಕಾಣುತ್ತವೆ. ಅವು ನಡುನರವನ್ನು ಸೇರುವಲ್ಲಿ ಕೊಕ್ಕೆಯಂತೆ ಬಾಗಿರುತ್ತವೆ. ಬೆಳಗ್ಗಿನ ಸೂರ್ಯನಿಗೆ ಎಲೆಯನ್ನು ಹಿಡಿದು ನೋಡಿದರೆ ಸ್ಪಷ್ಟ. ತೊಟ್ಟಿನ ಮೇಲಿರುವ ಬೂದಿಯನ್ನು ಬೆರಳಿನಿಂದ ಉಜ್ಜಿ ತೆಗೆದು ಅಲ್ಲೂ ನೋಡಿ. ಈ ಗುರುತು ಪೋಷಕಾಂಶದ ಯಾವ ಕೊರತೆಯಿಂದಲೂ ಬರುವುದಿಲ್ಲ.

ಹರಡುವುದು ಬಾಳೆಯ ಕಂದುಬಣ್ಣದ ಹೇನು. ಅದು ರೋಗಿ ಗಿಡದಲ್ಲಿ ಗಂಟೆಗಳ ಕಾಲ ರಸ ಹೀರಿದರೆ ಮಾತ್ರ ವೈರಸ್ ಪಡೆಯುತ್ತದೆ, ಪಡೆದ ಮೇಲೆ ವಾರಗಟ್ಟಲೆ ಹೊತ್ತು ತಿರುಗುತ್ತದೆ. ಹಾಗಾಗಿ ರೋಗಿ ಬಾಳೆಯನ್ನು ನೇರವಾಗಿ ಕಡಿಯುವುದು ಅಪಾಯ. ಕಡಿದೊಡನೆ ಹೇನುಗಳು ಎದ್ದು ಪಕ್ಕದ ಬುಡಗಳಿಗೆ ಹೋಗುತ್ತವೆ. ಮೊದಲು ಸುಳಿಗೆ ಸ್ವಲ್ಪ ಸೀಮೆಎಣ್ಣೆ ಸುರಿದು ಅಥವಾ ಬೇವಿನೆಣ್ಣೆಯ ದ್ರಾವಣ ಎರೆದು ಹೇನು ಸಾಯಲು ಬಿಡಿ, ಮರುದಿನ ಬುಡ ಸಹಿತ ಅಗೆದು, ಗಡ್ಡೆಯನ್ನು ಚೂರು ಮಾಡಿ ಒಣಗಿಸಿ. ಸೀಮೆಎಣ್ಣೆ ಹಾಕಿದ ದಿನ ಹತ್ತಿರ ಬೆಂಕಿ ಬೇಡ. ಒಂದೇ ಬುಡದ ಎಲ್ಲ ಕಂದುಗಳಲ್ಲೂ ವೈರಸ್ ಇದೆಯೆಂದೇ ಲೆಕ್ಕ, ಚೆನ್ನಾಗಿ ಕಾಣುವ ಒಂದನ್ನು ಉಳಿಸಿಕೊಳ್ಳುವ ಆಸೆ ಬೇಡ. ಕಡಿದದ್ದನ್ನು ತೋಡಿಗೆ ತಳ್ಳುವ ಅಭ್ಯಾಸವೂ ನಿಲ್ಲಬೇಕು, ಗಡ್ಡೆ ಕೆಳಗಿನವರ ತೋಟದಲ್ಲಿ ಚಿಗುರುತ್ತದೆ.

ದಿಂಡಿನ ಹೊರಗಿನ ಹಾಳೆಯನ್ನು ಎಳೆದಾಗ ಕೆಂಪು, ನೇರಳೆ ಗೀರುಗಳು, ಪೂಂಬೆಯ ಸಿಪ್ಪೆಯಲ್ಲೂ ಅಂಥದೇ ಚಿತ್ತಾರ ಇದ್ದರೆ ಬೇರೆ ವೈರಸ್. ಕೇರಳದಲ್ಲಿ ಇದಕ್ಕೆ ಕೊಕ್ಕಾನ್ ಎನ್ನುತ್ತಾರೆ. ನೇಂದ್ರಕ್ಕೆ ಇದರ ಕಾಟ ಹೆಚ್ಚು. ಕಂದು ಕೊಳ್ಳುವಾಗ ಹಾಳೆ ಸರಿಸಿ ನೋಡುವುದು ಪುಕ್ಕಟೆ ಪರೀಕ್ಷೆ.

ಮೂರನೆಯದು ವಿಚಿತ್ರದ್ದು. ಎಲೆಯಲ್ಲಿ ಹಳದಿ ಗೆರೆಗಳು ಬಂದು ನಂತರ ಕಪ್ಪಾಗುತ್ತವೆ, ಕೆಲವು ತಿಂಗಳು ಮಾಯವಾಗಿ ಮತ್ತೆ ಬರುತ್ತವೆ. ಬಾಳೆಯ ಗೆರೆ ವೈರಸ್ ಇದು. ಕಲ್ಲುಬಾಳೆಯ ವಂಶಧಾತು ಸೇರಿದ ತಳಿಗಳಲ್ಲಿ ಈ ವೈರಸ್ಸಿನ ಡಿಎನ್‌ಎ ಬಾಳೆಯದೇ ವರ್ಣತಂತುವಿನೊಳಗೆ ಹೊಲಿದುಕೊಂಡಿರುತ್ತದೆ. ಅಂಗಾಂಶ ಕೃಷಿ, ಬರ, ಉಷ್ಣತೆಯ ಏರಿಳಿತದಂಥ ಒತ್ತಡ ಬಂದಾಗ ಕೆಲವು ತಳಿಗಳಲ್ಲಿ ಅದು ಎಚ್ಚೆತ್ತು ಪೂರ್ಣ ವೈರಸ್ಸಾಗಿ ಹೊರಬರುತ್ತದೆ. ಹೊರಗಿನಿಂದ ಯಾರೂ ತರಲಿಲ್ಲ, ಹೇನೂ ಇಲ್ಲ, ಆದರೂ ರೋಗ! ಇಲ್ಲಿ ಪಕ್ಕದ ಮನೆಯವರನ್ನು ದೂರುವ ಮೊದಲು ಯೋಚಿಸಿ. ಗೊನೆ ಸುಮಾರಾಗಿ ಬರುತ್ತಿದ್ದರೆ ನೀರು, ಗೊಬ್ಬರ ಸರಿಯಾಗಿ ಕೊಟ್ಟು ನಡೆಸಿಕೊಂಡು ಹೋಗಬಹುದು, ಆ ಬುಡದ ಕಂದನ್ನು ಮಾತ್ರ ಹಂಚಬೇಡಿ.

ಪಪ್ಪಾಯಿಯ ಎಲೆ ಕುಗ್ಗಿ ದಾರದಷ್ಟಾಗಿದೆ

ಮೊದಲ ಪ್ರಶ್ನೆ: ಕಳೆದ ಮೂರು ವಾರದಲ್ಲಿ ಹತ್ತಿರದಲ್ಲಿ ಯಾರಾದರೂ ಕಳೆನಾಶಕ ಬಿಟ್ಟಿದ್ದಾರೆಯೇ? ಹಾರ್ಮೋನು ಬಗೆಯ ಕಳೆನಾಶಕದ ಆವಿ ತಗಲಿದರೂ ಪಪ್ಪಾಯಿ, ಟೊಮೆಟೊ, ಬೆಂಡೆಗಳ ಎಲೆ ಹೀಗೆಯೇ ನಾರಾಗುತ್ತದೆ. ಅದಾಗಿದ್ದರೆ ಗಾಳಿಯ ದಿಕ್ಕಿನ ಗಿಡಗಳೆಲ್ಲ ಒಟ್ಟಿಗೆ ಕೆಡುತ್ತವೆ, ಜಾತಿಭೇದವಿಲ್ಲ, ಮುಂದಿನ ಚಿಗುರು ನಿಧಾನವಾಗಿ ಸರಿಯಾಗುತ್ತದೆ. ತೊಟ್ಟಿನಲ್ಲಿ, ಕಾಂಡದ ಮೇಲ್ಭಾಗದಲ್ಲಿ ಎಣ್ಣೆ ಹಚ್ಚಿದಂಥ ಕಡುಹಸಿರಿನ ಗೀರು, ಕಾಯಿಯ ಮೇಲೆ ಉಂಗುರಗಳು ಕಂಡರೆ ಉಂಗುರ ಚುಕ್ಕೆ ವೈರಸ್.

ಎಲೆ ಯಾಕೆ ವಿಕಾರವಾಗಬೇಕು? ಗಿಡ ತನ್ನ ಎಲೆಯ ಆಕಾರವನ್ನು ನಿರ್ಧರಿಸಲು ಸೂಕ್ಷ್ಮ ಆರ್‌ಎನ್‌ಎ ಚೂರುಗಳನ್ನೇ ಬಳಸುತ್ತದೆ. ವೈರಸ್ಸಿನ ಪ್ರೋಟೀನು ರಕ್ಷಣೆಯ ಚೂರುಗಳನ್ನು ಹಿಡಿದಿಡುವಾಗ ಈ ಚೂರುಗಳ ಕೆಲಸವೂ ಕೆಡುತ್ತದೆ. ವೈರಸ್ ಇಲ್ಲದೆ ಬರೀ ಆ ಪ್ರೋಟೀನನ್ನು ತಯಾರಿಸುವಂತೆ ಗಿಡವನ್ನು ಬದಲಿಸಿದ ಪ್ರಯೋಗಗಳಲ್ಲೂ ಎಲೆ ವಿಕಾರವಾಯಿತು. ಹವಾಯಿಯಲ್ಲಿ ಇದೇ ವೈರಸ್ ಪಪ್ಪಾಯಿ ಕೃಷಿಯನ್ನು ನೆಲಕಚ್ಚಿಸಿದಾಗ, ಮೌನೀಕರಣವನ್ನು ಮೊದಲೇ ಸಿದ್ಧವಾಗಿಡುವಂತೆ ವೈರಸ್ಸಿನದೇ ಒಂದು ಜೀನನ್ನು ಸೇರಿಸಿದ ರೇನ್‌ಬೋ ತಳಿಯನ್ನು 1998ರಲ್ಲಿ ರೈತರಿಗೆ ಕೊಟ್ಟರು. ನಮಗೆ ಅದು ಲಭ್ಯವಿಲ್ಲ. ರೋಗಿ ಮರ ಕಡಿದು, ಹೊಸದನ್ನು ಸೌತೆ, ಕುಂಬಳದ ಬಳ್ಳಿಗಳಿಂದ ದೂರ ನೆಡುವುದಷ್ಟೇ ದಾರಿ.

ಎಲೆಯಲ್ಲಿ ಒಣ ಚುಕ್ಕೆ ಬಂದು ರೋಗ ಅಲ್ಲೇ ನಿಂತಿದೆ, ಅಥವಾ ಹೊಸ ಚಿಗುರು ತಾನಾಗಿ ಸರಿಯಾಗಿದೆ

ಮೊದಲನೆಯದು ಗಿಡದ ಇನ್ನೊಂದು ಕಾವಲು. ವೈರಸ್ಸಿನ ಪ್ರೋಟೀನನ್ನು ಗುರುತಿಸುವ ಜೀನು ಇದ್ದರೆ, ಸೋಂಕು ತಗಲಿದ ಕೋಶಗಳು ಬೇಗನೆ ತಾವಾಗಿ ಸಾಯುತ್ತವೆ, ವೈರಸ್ ಆ ಚುಕ್ಕೆಯಲ್ಲೇ ಸಿಕ್ಕಿಬೀಳುತ್ತದೆ. ಹೊಗೆಸೊಪ್ಪಿನ ಎನ್ ಜೀನು ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ 28 ಡಿಗ್ರಿಗಿಂತ ಮೇಲೆ ಅದು ಕೈಕೊಡುತ್ತದೆ. ಏಪ್ರಿಲ್ ತಿಂಗಳ ಕುಂಬಳೆಯ ಸೆಕೆ ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಒಣ ಚುಕ್ಕೆಯ ಸುತ್ತ ಹಳದಿ ಬಳೆ ಬಂದು ದೊಡ್ಡದಾಗುತ್ತಾ ಹೋದರೆ ಮಾತ್ರ ಶಿಲೀಂಧ್ರವನ್ನು ಶಂಕಿಸಿ.

ಎರಡನೆಯದರ ಕುರಿತು ಖುಷಿಪಡುವಾಗ ಎಚ್ಚರ ಬೇಕು. ಮರಗೆಣಸಿನ ಮೊಸಾಯಿಕ್ ಬಿಸಿಲು ಏರಿದಾಗ ಕಡಿಮೆಯಾದಂತೆ ಕಾಣಬಹುದು. ಉಷ್ಣತೆ ಹೆಚ್ಚಿದಂತೆ ಮೌನೀಕರಣ ಚುರುಕಾಗುವುದೇ ಇದಕ್ಕೆ ಕಾರಣ. ಗಿಡ ಚೇತರಿಸಿಕೊಂಡಿದೆ ನಿಜ, ವೈರಸ್ ಹೋಗಿಲ್ಲ. ಆ ಕಾಂಡದ ತುಂಡು ನೆಟ್ಟರೆ ಮಳೆಗಾಲದಲ್ಲಿ ಎಲೆ ಮತ್ತೆ ಚಿತ್ತಾರವಾಗುತ್ತದೆ. ನೆಡುವ ಕಾಂಡವನ್ನು ಎಲೆ ಇರುವಾಗಲೇ, ಲಕ್ಷಣ ಸ್ಪಷ್ಟವಾಗಿ ಕಾಣುವ ಕಾಲದಲ್ಲೇ ಗುರುತು ಹಾಕಿ ಆರಿಸಬೇಕು.

ಒಳ್ಳೆಮೆಣಸಿನ ಬಳ್ಳಿ ಕುಬ್ಜವಾಗಿದೆ, ಎಲೆ ಕಿರಿದಾಗಿದೆ

ಮೊದಲು ಬುಡ ಕೆದಕಿ ಬೇರು ನೋಡಿ. ಬೇರು ಕೊಳೆತಿದ್ದರೆ ಅಥವಾ ಗಂಟುಗಳಿದ್ದರೆ ಅದು ಸೊರಗು ರೋಗವೋ ಜಂತುಹುಳವೋ. ಬೇರು ಸರಿಯಿದ್ದು, ಚಿಗುರೆಲೆ ಸಣ್ಣದಾಗಿ, ತೇಪೆ ತೇಪೆಯಾಗಿ ಹಳದಿಯಾಗಿ, ಗೆಣ್ಣು ಗಿಡ್ಡವಾಗಿದ್ದರೆ ವೈರಸ್. ಸೌತೆ ಮೊಸಾಯಿಕ್ ವೈರಸ್ ಮತ್ತು ಒಳ್ಳೆಮೆಣಸಿನ ಹಳದಿ ಮಚ್ಚೆ ವೈರಸ್ ಇದರ ಹಿಂದಿವೆ. ಎರಡನೆಯದನ್ನು ಹಿಟ್ಟು ತಿಗಣೆ ಹರಡುತ್ತದೆ, ಆದರೆ ಎರಡಕ್ಕೂ ಮುಖ್ಯ ವಾಹನ ನಾವೇ ಹಂಚುವ ಬಳ್ಳಿಯ ತುಂಡು. ಒಳ್ಳೆಯ ಫಸಲಿನ ಬಳ್ಳಿಯೆಂದು ನೆಂಟರಿಷ್ಟರಿಗೆಲ್ಲ ಕೊಡುವ ಮೊದಲು ಒಂದು ವರ್ಷ ಅದರ ಚಿಗುರನ್ನು ಗಮನಿಸಿ. ತಗಲಿದ ಬಳ್ಳಿಯನ್ನು ತೆಗೆದು ಹೊಸದು ನೆಡುವುದಲ್ಲದೆ ಬೇರೆ ಉಪಾಯವಿಲ್ಲ.

ಕಂಗಿನ ಸೋಗೆ ಹಳದಿ

ಇದು ವೈರಸ್ ಅಲ್ಲ. ಅಡಿಕೆಯ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾದಿಂದ ಬರುವುದು. ನೀರು ನಿಂತರೂ, ಪೋಷಕಾಂಶ ಕಡಿಮೆಯಾದರೂ ಸೋಗೆ ಹಳದಿಯಾಗುತ್ತದೆ. ಚರಂಡಿ ಸರಿಮಾಡಿ, ಮಣ್ಣು ಪರೀಕ್ಷೆ ಮಾಡಿಸಿ, ನಂತರ ತಜ್ಞರನ್ನು ಕರೆಯಿರಿ. ಈ ಕೈಪಿಡಿಯ ಬೇರೆ ಯಾವ ಸಲಹೆಯೂ ಅದಕ್ಕೆ ಹೊಂದುವುದಿಲ್ಲ.

ಸಿಂಪಡಿಸಲು ಪಂಪು ಎತ್ತುವ ಮೊದಲು

ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಸುತ್ತಮುತ್ತಲಿನವರಿಗೆ ಕೀಟನಾಶಕದ ಅಪಾಯವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಎಂಡೋಸಲ್ಫಾನ್ ಸುರಿದದ್ದರ ನೋವು ಇನ್ನೂ ಮನೆಮನೆಗಳಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಆದರೂ ನಂಜು ರೋಗ ಕಂಡೊಡನೆ ಎರಡು ಮೂರು ವಿಷಗಳನ್ನು ಒಂದೇ ಡಬ್ಬದಲ್ಲಿ ಬೆರೆಸುವವರು ಈಗಲೂ ಇದ್ದಾರೆ. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ, ಬಿಳಿನೊಣವನ್ನು ತಿನ್ನುವ ಜೇಡ, ಗುಲಗಂಜಿ ಹುಳಗಳು ಸತ್ತು ಮುಂದಿನ ತಿಂಗಳು ಬಿಳಿನೊಣ ಇಮ್ಮಡಿಯಾಗುತ್ತದೆ.

ಕೃಷಿ ಅಧಿಕಾರಿ ಬರೆದುಕೊಟ್ಟ ಕೀಟನಾಶಕವನ್ನು ಬಿಡಲೇಬೇಕಾದರೆ ಕೈಗವಸು, ಮುಖಗವಸು, ತುಂಬು ತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ನಿಲ್ಲಬೇಡಿ. ಹೂವು ಅರಳಿರುವ ಬೆಳಗಿನ ಹೊತ್ತಿನಲ್ಲಿ ಜೇನುನೊಣಗಳಿರುತ್ತವೆ, ಸಂಜೆ ಬಿಡಿ. ಪೊಟ್ಟಣದಲ್ಲಿ ಹೇಳಿದಷ್ಟು ದಿನ ಕಳೆಯದೆ ತರಕಾರಿ ಕೊಯ್ಯಬೇಡಿ. ಬದಿಯಡ್ಕ, ಬಾಯಾರು ಕಡೆಯ ಗುಡ್ಡದ ತೋಟಗಳಲ್ಲಿ ಕುಡಿಯುವ ನೀರು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಬರುತ್ತದೆ, ಸುರಂಗದ ಮೇಲಿನ ಇಳಿಜಾರಿನಲ್ಲಿ ಪಂಪು ತೊಳೆಯುವುದು ಬೇಡವೇ ಬೇಡ. ಸಿಂಪಡಿಸಿದವರಿಗೆ ತಲೆಸುತ್ತು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರು ಕಟ್ಟುವುದು ಕಂಡರೆ ಬಟ್ಟೆ ಬದಲಿಸಿ ಮೈ ತೊಳೆಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಎರಡು ಬಾರಿ ಪರಿಹಾರ ಪ್ರಯತ್ನಿಸಿ ಹೊಸ ಚಿಗುರು ಸರಿಯಾಗದಿದ್ದರೆ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಗಿಡ ಕೆಟ್ಟಿದ್ದರೆ, ಬಾಳೆಯಲ್ಲಿ ಕೊಕ್ಕೆ ಗೆರೆ ಕಂಡರೆ, ಮಾರಾಟಕ್ಕೆ ಸಸಿ ಮಾಡುವವರ ತಾಯಿ ಗಿಡದಲ್ಲಿ ಶಂಕೆ ಬಂದರೆ ಸ್ವಂತ ಪರೀಕ್ಷೆ ನಿಲ್ಲಿಸಿ. ಪಂಚಾಯತಿನ ಕೃಷಿ ಭವನ ಮೊದಲ ಬಾಗಿಲು. ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಆವರಣದ ಕೃಷಿ ವಿಜ್ಞಾನ ಕೇಂದ್ರ, ಪಿಲಿಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ, ಪಡನ್ನಕ್ಕಾಡಿನ ಕೃಷಿ ಕಾಲೇಜು ನಂತರದವು. ಒಳ್ಳೆಮೆಣಸಿನ ವೈರಸ್ಸಿನ ಬಗ್ಗೆ ಕೋಝಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರಿಗೆ ಆಳವಾದ ಪರಿಚಯವಿದೆ.

ಮಾದರಿ ಒಯ್ಯುವಾಗ ಒಣಗಿದ ಎಲೆ ಬೇಡ. ಲಕ್ಷಣ ಸ್ಪಷ್ಟವಾಗಿರುವ ಎಳೆಯ ಎಲೆಯೊಂದನ್ನು, ಅದೇ ತೋಟದ ಆರೋಗ್ಯವಾದ ಎಲೆಯೊಂದನ್ನು ಬೇರೆ ಬೇರೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಕೀಟ ತಪ್ಪಿಸಿಕೊಳ್ಳದಂತೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬಸ್ಸಿನ ಕಿಟಕಿಯ ಬಿಸಿಲಿಗೆ ಇಡಬೇಡಿ, ಮರುದಿನದೊಳಗೆ ತಲಪಿಸಿ. ಇಡೀ ಗಿಡದ ಮತ್ತು ಸಾಲಿನ ಫೋಟೋ, ಬೀಜ ಅಥವಾ ಕಂದು ಎಲ್ಲಿಂದ ಬಂತು, ಏನೇನು ಸಿಂಪಡಿಸಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ, ಗಿಡದ ಹೆಸರು ಮತ್ತು ದಿನಾಂಕವನ್ನು ಮಲಯಾಳದಲ್ಲೂ ಸೇರಿಸಿದರೆ ಕೌಂಟರಿನಲ್ಲಿ ಕಾಯುವುದು ತಪ್ಪುತ್ತದೆ. ಫಲಿತಾಂಶ ಬರುವವರೆಗೆ ಆ ಸಾಲಿನಿಂದ ಕಂದು, ಬಳ್ಳಿ, ಬೀಜ ಯಾರಿಗೂ ಕೊಡಬೇಡಿ.